ಪುಟ್ಟೀರ ಸತ್ತವರನ್ನು ಬದುಕಿಸಿದ್ದು

ಕೇಳುವವರಿಗೆ ಎರಡು ಕಿವಿ ಇರಲಿ, ನಗುವವರಿಗೆ ಒಂದಿಷ್ಟು ಕರುಳೂ ಇರಲಿ. ಇದು ಪೆದ್ದನ ಕತೆ. ಪೆದ್ದ ಅಂದಕೂಡಲೇ ನೀವು ಹಲ್ಲು ಬಿಡುತ್ತೀರಿ, ನನಗೆ ಗೊತ್ತು. ಬಿಡಿ, ಬೇಡ ಅನ್ನುವುದಿಲ್ಲ. ಆಮೇಲೆ ಯಾಕಾದರೂ ನಕ್ಕೆವೋ ಅನ್ನಿಸಿದರೆ ನನ್ನನ್ನು ಬಯ್ಯಬೇಡಿ.

ಒಂದು ಸಂತೆಪೇಟೆ. ಆ ಪೇಟೆಯಲ್ಲಿ ಒಬ್ಬಳು ತಾಯಿ, ಹೆಸರು ಮಾಳಮ್ಮ. ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಅವಳಿಗೆ ಇಬ್ಬರು ಮಕ್ಕಳು. ಮಗಳು ಸುವರ್ಣ, ಜಾಣೆ. ಮಗ ಪುಟ್ಟೀರ. ಅವನ ವಿಷಯ ಏನಂತ ಹೇಳಲಿ. ಹಾಲು ಉಕ್ಕುತ್ತಾ ನೋಡು ಅಂದರೆ, ಕೊನೆಯ ತೊಟ್ಟು ಒಲೆಗೆ ಬೀಳುವವರೆಗೆ ನೋಡಿ, "ಉಕ್ತು ಕಣವ್ವ" ಅಂತ ಬಂದು ಹೇಳುವವನು. ಅಂಗಡಿಯಲ್ಲಿ ಉಪ್ಪು ಇದೆಯಾ ಕೇಳಿಕೊಂಡು ಬಾ ಅಂದರೆ, "ಕೇಳ್ದೆ, ಐತಂತೆ" ಅಂತ ಬರಿಗೈ ಬೀಸಿಕೊಂಡು ಬರುವವನು.

ಮಾಳಮ್ಮ ಬಯ್ಯುತ್ತಾಳೆ. ಬಾಯಿಗೆ ಬಂದದ್ದೆಲ್ಲ ಬಯ್ಯುತ್ತಾಳೆ. "ನಿನ್ನ ತಲೇಲಿ ಏನೈತ್ಲಾ, ಮಣ್ಣಾ? ನಾನು ಸತ್ತ ಮ್ಯಾಲೆ ನಿನ್ನ ಗತಿಯೇನ್ಲಾ?" ಬಯ್ದು ಬಯ್ದು ಸುಸ್ತಾಗಿ, ಒಲೆಯ ಮುಂದೆ ಕೂತು, ತಟ್ಟೆಗೆ ಮುದ್ದೆ ಇಡುತ್ತಾಳೆ. "ಬಯ್ಯೋದು ಬ್ಯಾರೆ, ಉಣ್ಣೋದು ಬ್ಯಾರೆ. ಬಾ, ಉಣ್ಣು."

ಪುಟ್ಟೀರ ಉಣ್ಣುತ್ತಾನೆ.

ಈ "ಬಯ್ಯೋದು ಬ್ಯಾರೆ, ಉಣ್ಣೋದು ಬ್ಯಾರೆ" ಅನ್ನುವ ಮಾತನ್ನು ಮಾಳಮ್ಮ ಸುಮ್ಮನೆ ಕಲಿತವಳಲ್ಲ. ಅವಳ ಗಂಡ ಚಿಕ್ಕರಂಗಯ್ಯ ಪರಮೇಶಪ್ಪನ ಪ್ರೆಸ್ಸಿನಲ್ಲಿ ಮೆಷಿನ್ ತುಳಿಯುತ್ತಿದ್ದ. ಕಾಲಲ್ಲಿ ತುಳಿದು, ಕೈಯಲ್ಲಿ ಹಾಳೆ ಕೊಟ್ಟು, ಊರಿನ ಮದುವೆ ಕಾರ್ಡು, ತಿಥಿ ಕಾರ್ಡು ಎಲ್ಲವನ್ನೂ ಅಚ್ಚು ಹೊಡೆಯುತ್ತಿದ್ದವನು. ಕೆಟ್ಟುಹೋದ ಹಾಳೆಗಳನ್ನು ಮನೆಗೆ ತಂದು, ಅದರಲ್ಲೇ ಹೆಂಡತಿಗೆ ಅಕ್ಷರ ಕಲಿಸಿದ್ದ. "ನಮ್ಮ ಸುವರ್ಣನ ಮದುವೆ ಕಾರ್ಡಲ್ಲಿ ನಿನ್ನ ಹೆಸರು ನಾನೇ ಅಚ್ಚು ಹೊಡೀತೀನಿ ಕಣೆ, ನೀನೇ ಓದ್ಕೊಳ್ಳುವಂತೆ" ಅನ್ನುತ್ತಿದ್ದ. ಮಧ್ಯಾಹ್ನದ ಬುತ್ತಿಯನ್ನು ಪುಟ್ಟೀರ ಪ್ರೆಸ್ಸಿಗೆ ಒಯ್ದು ಕೊಡುತ್ತಿದ್ದ. ಆ ಒಂದು ಕೆಲಸವನ್ನು ಮಾತ್ರ ಅವನು ಯಾವತ್ತೂ ಕೆಡಿಸಿದವನಲ್ಲ.

ಒಂದು ದಿನ ಗಂಡ ಹೆಂಡಿರಿಗೆ ಮಾತಿಗೆ ಮಾತು ಬೆಳೆಯಿತು. ಮಗನ ಪೆದ್ದುತನ ಯಾರ ಕಡೆಯಿಂದ ಬಂದದ್ದು ಅನ್ನುವುದೇ ಜಗಳ. ಚಿಕ್ಕರಂಗಯ್ಯ ಉಣ್ಣದೆ ಎದ್ದು ಹೋದ. ಮಾಳಮ್ಮ ಹಠಕ್ಕೆ ಬುತ್ತಿ ಕಳಿಸಲಿಲ್ಲ. ಹಸಿವಾದರೆ ತಾನೇ ಬರುತ್ತಾರೆ ಅಂದುಕೊಂಡಳು. ಮಧ್ಯಾಹ್ನ ಮೆಷಿನ್ ತುಳಿಯುತ್ತಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವತ್ತಿನಿಂದ ಸ್ಕೂಲಿನ ಮಕ್ಕಳಿಗೆಲ್ಲ ದಿನಾ ಬಡಿಸುತ್ತಾಳೆ, ಒಂದು ಮಗು ಅರ್ಧಕ್ಕೆ ಎದ್ದರೂ ಕೂರಿಸಿ ಉಣಿಸುತ್ತಾಳೆ. ಅಷ್ಟು ಮಾಡಿದರೂ ಆ ಒಂದು ಬುತ್ತಿ ಎದೆಯಿಂದ ಇಳಿಯಲಿಲ್ಲ.

ಪುಟ್ಟೀರ ದೊಡ್ಡವನಾದ. ಪರಮೇಶಪ್ಪ ಒಳ್ಳೆಯವನು. ಸತ್ತವನ ಋಣ ಅಂತ ಮಗನನ್ನು ಪ್ರೆಸ್ಸಿಗೆ ಸೇರಿಸಿಕೊಂಡ. ಆ ಹೊತ್ತಿಗೆ ಮೆಷಿನ್ನಿನ ಕಾಲ ಮುಗಿದಿತ್ತು. ಅದು ಹಿಂದಿನ ಕೋಣೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್. ಪುಟ್ಟೀರನಿಗೆ ಅಕ್ಷರ ಬರುತ್ತಿತ್ತು. ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಕುಕ್ಕುತ್ತಾ ಕೂತ.

ಪರಮೇಶಪ್ಪ ಹಿಂದೆ ನಿಂತು ನೋಡಿದ. ಒಂದು ಮದುವೆ ಕಾರ್ಡು. ಹುಡುಗ ಬೆಳಗಿನಿಂದ "ಶ್ರೀಮತಿ ಮತ್ತು ಶ್ರೀ" ಅಂತ ಕುಕ್ಕುತ್ತಲೇ ಇದ್ದಾನೆ. ನೆಂಟರು ಎಷ್ಟು ಜೋಡಿಯೋ ಅಷ್ಟು ಸಲ.

"ಲೋ ಪೆದ್ದ, ಒಂದ್ಸಲ ಬರೆದದ್ದನ್ನ ಇನ್ನೊಂದ್ಸಲ ಬರೀಬಾರದು ಕಣೋ. ಕಂಟ್ರೋಲ್ ಹಿಡಿದು ಸಿ ಒತ್ತು, ಎತ್ಕೊಳ್ತದೆ. ಬೇಕಾದ ಕಡೆ ವಿ ಒತ್ತು, ಇಳಿಸ್ತದೆ. ಹೊತ್ತು ಉಳೀತದೆ."

"ಉಳಿದ ಹೊತ್ತಲ್ಲಿ ಏನ್ ಮಾಡ್ಲಿ ಯಜಮಾನ್ರೆ?"

"ಇನ್ನೊಂದು ಕಾರ್ಡು ಮಾಡು."

"ಆಯ್ತು" ಅಂದ ಪುಟ್ಟೀರ. ಮಾತು ತಲೆಗೆ ಹೋಯಿತು, ಹೋಗಿ ಅಲ್ಲೇ ಕೂತಿತು.

ಇನ್ನೊಂದು ಕಾರ್ಡು ಬಂತು. ಅದು ತಿಥಿ ಕಾರ್ಡು. ಒಂದು ಮುದುಕಿ ತೀರಿಕೊಂಡಿದ್ದಳು. ಪುಟ್ಟೀರ ಮಾಡಿದ, ಬೇಗನೆ ಮಾಡಿದ. ಪರಮೇಶಪ್ಪನಿಗೆ ಖುಷಿಯಾಗಿ, ನೋಡದೆ ಅಚ್ಚು ಹಾಕಿಸಿ ಕಳಿಸಿಕೊಟ್ಟ. ಸಂಜೆಗೆ ಮುದುಕಿಯ ಮಗ ಬಂದ. ಬೋಳಿಸಿದ ತಲೆ, ಕೆಂಪು ಕಣ್ಣು. ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದ. ಮೇಲೆ ಮುದುಕಿಯ ಫೋಟೋ, ಕೈಲಾಸ ಸಮಾರಾಧನೆ, ದುಃಖತಪ್ತ ಮಕ್ಕಳು, ಮೊಮ್ಮಕ್ಕಳು, ಎಲ್ಲಾ ಸರಿ. ಕೆಳಗೆ ಪುಟ್ಟ ಮಕ್ಕಳ ಹೆಸರು, ಅದರ ಕೆಳಗೆ ಹೂವಿನ ಅಂಚಿನೊಳಗೆ: ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ.

"ಏನಯ್ಯಾ ಇದು? ನಮ್ಮವ್ವ ಸತ್ತವ್ಳೆ, ನಿಮಗೆ ಮದ್ವೆನಾ?"

ಪರಮೇಶಪ್ಪ ಕೈ ಮುಗಿದ. ಅವನು ಹೋದ ಮೇಲೆ ಪುಟ್ಟೀರನ ಕಡೆ ತಿರುಗಿದ. "ಯಾಕೋ ಹಾಕ್ದೆ?"

"ಆ ಸಾಲು ಆಗ್ಲೇ ಒಂದ್ಸಲ ಬರೆದಿತ್ತಲ್ಲ ಯಜಮಾನ್ರೆ. ಮಕ್ಕಳ ಹೆಸರಿನ ಕೆಳಗೆ ಏನೋ ಬರೀಬೇಕು ಅನ್ನಿಸ್ತು. ಬರೆದದ್ದನ್ನ ಬರೀಬಾರದು ಅಂದಿದ್ರಿ. ಇಳಿಸ್ದೆ."

ಪರಮೇಶಪ್ಪ ಹಣೆ ಚಚ್ಚಿಕೊಂಡ. "ತಪ್ಪಾದ್ರೆ ಅಳಿಸೋಕೂ ಒಂದು ದಾರಿ ಇದೆ ಕಣೋ. ಕಂಟ್ರೋಲ್ ಹಿಡಿದು ಝಡ್ ಒತ್ತು. ಮಾಡಿದ್ದು ಒಂದೊಂದೇ ಹಿಂದಕ್ಕೆ ಹೋಗ್ತದೆ. ಯಾರಾದ್ರೂ ತಪ್ಪು ಅಂದ್ರೆ, ಆ ತಪ್ಪು ಹೋಗೋವರೆಗೆ ಝಡ್ ಒತ್ತು. ತಿಳೀತಾ?"

"ಆಯ್ತು" ಅಂದ ಪುಟ್ಟೀರ. ಮನೆಗೆ ಹೋದ. ಸುದ್ದಿ ಆಗಲೇ ಮನೆಗೆ ಬಂದಿತ್ತು. ಮಾಳಮ್ಮ ಬಯ್ದಳು. ಸತ್ತವರ ಮನೆಯ ಶಾಪ ತಟ್ಟುತ್ತದೆ ಅಂತ ಬಯ್ದಳು, ಅತ್ತಳು. "ಬಯ್ಯೋದು ಬ್ಯಾರೆ, ಉಣ್ಣೋದು ಬ್ಯಾರೆ. ಬಾ, ಉಣ್ಣು."

ಆಮೇಲೆ ಕಾಯಿ ಮಂಡಿಯ ರುದ್ರಯ್ಯ ಬಂದ. ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶದ ಕಾರ್ಡು. ರುದ್ರಯ್ಯನ ಮನೆ ಎಷ್ಟು ದೊಡ್ಡದೋ ಕಾರ್ಡಿನ ಒಕ್ಕಣೆ ಅದಕ್ಕಿಂತ ದೊಡ್ಡದು. ಮಠದ ಸ್ವಾಮಿಗಳು, ಮುಖಂಡರು, ಹಿತೈಷಿಗಳು, ಮನೆ ಕಟ್ಟಿದ ಮೇಸ್ತ್ರಿಯ ಹೆಸರೂ ಇತ್ತು. ಪುಟ್ಟೀರ ಮಧ್ಯಾಹ್ನದವರೆಗೆ ಕುಕ್ಕಿ ಕುಕ್ಕಿ ಮುಗಿಸಿದ. ರುದ್ರಯ್ಯ ಎಲೆಯಡಿಕೆ ಜಗಿಯುತ್ತಾ ಹಿಂದೆ ನಿಂತು ಓದಿದ.

"ಎಲ್ಲಾ ಚೆನ್ನಾಗೈತೆ ಕಣ್ ತಮ್ಮ. ಮೊದಲ್ನೇ ಸಾಲಲ್ಲಿ ವಾರ ಒಂದು ತಪ್ಪೈತೆ ನೋಡು."

ತಪ್ಪು ಅಂದದ್ದೇ ತಡ, ಪುಟ್ಟೀರ ಝಡ್ ಒತ್ತಿದ. ಮೇಸ್ತ್ರಿ ಹೋದ. ಒತ್ತಿದ, ಹಿತೈಷಿಗಳು ಹೋದರು. ಒತ್ತಿದ, ಮುಖಂಡರು ಹೋದರು, ಸ್ವಾಮಿಗಳು ಹೋದರು, ರುದ್ರಯ್ಯನ ಹೆಂಡತಿ ಹೋದಳು, ರುದ್ರಯ್ಯನೂ ಹೋದ. ಕೊನೆಗೆ ಮೊದಲನೇ ಸಾಲಿನ ವಾರವೂ ಹೋಯಿತು. ಪುಟ್ಟೀರ ಕೈ ತೆಗೆದು ನಕ್ಕ.

"ತಪ್ಪು ಹೋಯ್ತು ಕಣಣ್ಣ."

ರುದ್ರಯ್ಯ ಬಾಯಲ್ಲಿದ್ದ ಎಲೆಯಡಿಕೆ ನುಂಗಿಬಿಟ್ಟ. "ತಪ್ಪಿನ ಜೊತೆ ನನ್ನ ಮನೇನೂ ಹೋಯ್ತಲ್ಲಯ್ಯಾ" ಅಂದ.

ಪರಮೇಶಪ್ಪ ಓಡಿ ಬಂದು ನೋಡಿದರೆ ಬಿಳೀ ಹಾಳೆ. ಆ ಗಾಬರಿಯಲ್ಲಿ ಅವನಿಗೂ ಏನು ತೋಚುತ್ತದೆ. "ಉಳಿಸಿಟ್ಟಿಲ್ವೇನೋ? ಕಂಟ್ರೋಲ್ ಹಿಡಿದು ಎಸ್ ಒತ್ತೋದಲ್ವೇನೋ? ಸಾಲು ಮುಗಿದ್ರೆ ಎಸ್ ಒತ್ತು. ಮೂಗು ಒರೆಸ್ಕೊಂಡ್ರೂ ಎಸ್ ಒತ್ತು. ಏನೇ ಆಗ್ಲಿ ಮೊದಲು ಎಸ್. ಇದ್ದದ್ದು ಇದ್ದ ಹಾಗೆ ಇರ್ತದೆ."

"ಆಯ್ತು" ಅಂದ ಪುಟ್ಟೀರ. ಮನೆಗೆ ಹೋದ. ಮಾಳಮ್ಮ ಬಯ್ದಳು, ಬಡಿಸಿದಳು. ಅವನು ಉಂಡ.

ಈಗ ಪ್ರೆಸ್ಸಿನವರ ಒಂದು ಗುಟ್ಟು ಹೇಳುತ್ತೇನೆ. ಮದುವೆ ಕಾರ್ಡನ್ನು ಯಾವ ಪ್ರೆಸ್ಸಿನವನೂ ಮೊದಲಿನಿಂದ ಮಾಡುವುದಿಲ್ಲ. ಹಳೆಯ ಯಾರದೋ ಮದುವೆಯ ಕಾರ್ಡನ್ನು ತೆರೆದು, ಅದರ ಮೇಲೆಯೇ ಹೊಸ ಹೆಸರು ಕೂರಿಸುತ್ತಾನೆ. ಅವರ ಹೆಣ್ಣನ್ನು ತೆಗೆದು ಇವರ ಹೆಣ್ಣು, ಅವರ ಗಂಡನ್ನು ತೆಗೆದು ಇವರ ಗಂಡು. ನಮ್ಮ ನಿಮ್ಮ ಮದುವೆಯ ಕಾರ್ಡೂ ಯಾರದೋ ಮದುವೆಯ ಮೇಲೆ ಕೂತದ್ದೇ.

ಹಾಗೆ ಒಂದು ಕಾರ್ಡು ಪುಟ್ಟೀರನ ಕೈಗೆ ಬಂತು. ಹಳೆಯದನ್ನು ತೆರೆದ. ಹೆಣ್ಣಿನ ಹೆಸರು ಬದಲಿಸಿದ, ಎಸ್ ಒತ್ತಿದ. ಹೆಣ್ಣಿನ ಅಪ್ಪ ಅಮ್ಮನನ್ನು ಬದಲಿಸಿದ, ಎಸ್ ಒತ್ತಿದ. ಮೂಗು ಒರೆಸಿಕೊಂಡ, ಎಸ್ ಒತ್ತಿದ. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬಂದಾಗ ತೆರೆದು ನೋಡಿದ. ಇದ್ದದ್ದು ಇದ್ದ ಹಾಗೇ ಇತ್ತು. ಯಜಮಾನರು ಹೇಳಿದ್ದು ಎಷ್ಟು ನಿಜ ಅಂತ ಸಂತೋಷಪಟ್ಟು, ಹಾಗೇ ಅಚ್ಚಿಗೆ ಕೊಟ್ಟ.

ವಾರ ಕಳೆಯುವುದರೊಳಗೆ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದು ಪ್ರೆಸ್ಸಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಕಾರ್ಡು.

"ಇದ್ರಲ್ಲಿ ಬರೆದಿರೋ ಗಂಡು ನನ್ನ ಗಂಡ. ಎರಡು ವರ್ಸದ ಹಿಂದೆ ನೀವೇ ನಮ್ಮ ಕಾರ್ಡು ಮಾಡಿದ್ದು. ಈಗ ಯಾರ ಜೊತೆ ಮದ್ವೆ ಮಾಡ್ತಾ ಇದೀರ ಅವ್ರಿಗೆ?"

ಅವಳನ್ನು ಕೂರಿಸಿ, ಟೀ ತರಿಸಿ, ಕೂಸಿಗೆ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡುವಷ್ಟರಲ್ಲಿ ಪರಮೇಶಪ್ಪನಿಗೆ ವಯಸ್ಸಾಗಿಹೋಯಿತು. ಹೊಸ ಕಾರ್ಡನ್ನು ತನ್ನ ಖರ್ಚಿನಲ್ಲೇ ಹಾಕಿಕೊಟ್ಟ. ಕೆಲಸದಿಂದ ತೆಗೆಯೋಣ ಅಂದುಕೊಂಡ. ಆದರೆ ಹಿಂದಿನ ಕೋಣೆಯಲ್ಲಿ ಗೋಣಿತಾಟು ಹೊದ್ದ ಆ ಮೆಷಿನ್ ಕಣ್ಣಿಗೆ ಬಿತ್ತು. ಮನಸ್ಸು ಬರಲಿಲ್ಲ.

"ನೋಡೋ ಮಗನೇ, ಇದೇ ಕೊನೆ. ಒಂದೊಂದಾಗಿ ತಿದ್ದಬೇಡ. ಕಂಟ್ರೋಲ್ ಹಿಡಿದು ಎಚ್ ಒತ್ತು. ಎರಡು ಖಾನೆ ಬರ್ತದೆ. ಮೇಲಿನದರಲ್ಲಿ ಹಳೇದು ಬರಿ, ಕೆಳಗಿನದರಲ್ಲಿ ಹೊಸದು ಬರಿ, ಎಲ್ಲಾ ಬದಲಿಸು ಅಂತ ಒತ್ತು. ಒಂದೇ ಏಟಿಗೆ ಕಾರ್ಡು ಪೂರ್ತಿ ಬದಲಾಗ್ತದೆ. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಡೋದು ಬೇಡವೇ ಬೇಡ."

"ಆಯ್ತು" ಅಂದ ಪುಟ್ಟೀರ. ಮಾತು ತಲೆಗೆ ಹೋಯಿತು, ಅಲ್ಲೇ ಕೂತಿತು. ಮನೆಯಲ್ಲಿ ಬೈಗುಳ, ಬೈಗುಳದ ಮೇಲೆ ಮುದ್ದೆ.

ಇಷ್ಟರಲ್ಲಿ ಸುವರ್ಣನಿಗೆ ಗಂಡು ಗೊತ್ತಾಯಿತು. ಮಾಳಮ್ಮನ ಅಣ್ಣ ದಾಸಪ್ಪ ಮುಂದೆ ನಿಂತು ಎಲ್ಲಾ ಮಾಡಿದ. ಅವನು ಕೆಟ್ಟವನಲ್ಲ, ಆದರೆ ಗದರದೆ ಮಾತಾಡಲು ಬಾರದವನು. ಮನೆಯಲ್ಲಿ ಕೂತು ಕಾರ್ಡಿನ ಒಕ್ಕಣೆ ಹೇಳಿದ. ಮೇಲೆ ಆಹ್ವಾನಿಸುವವರು ಅವನು, ಅವನ ಹೆಂಡತಿ. ಮಾಳಮ್ಮನ ಹೆಸರು ಎಲ್ಲೂ ಇಲ್ಲ.

ಮಾಳಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. "ಅಣ್ಣ, ನನ್ನ ಹೆಸರೂ ಎಲ್ಲಾರ ಒಂದು ಮೂಲೇಲಿ..." ಅಂದಳು.

"ಗಂಡ ಇಲ್ಲದೋರ ಹೆಸರು ಮದ್ವೆ ಕಾರ್ಡಿನ ತಲೆ ಮ್ಯಾಲೆ ಹಾಕ್ತಾರೇನಮ್ಮ? ನಾಕು ಜನ ಏನಂದಾರು?"

ಮಾಳಮ್ಮ ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಪುಟ್ಟೀರ ಅದನ್ನು ನೋಡಿದ. ಮರುದಿನ ಪ್ರೆಸ್ಸಿಗೆ ಹೋಗಿ, "ನಮ್ಮವ್ವ ಆರಿಸಿದ ಅಕ್ಕಿನೇ ಆರಿಸ್ತಾ ಅವ್ಳೆ ಯಜಮಾನ್ರೆ" ಅಂತ ಅಷ್ಟನ್ನೂ ಹೇಳಿದ.

ಪರಮೇಶಪ್ಪನಿಗೆ ಅರ್ಥವಾಯಿತು. ದಾಸಪ್ಪನಿಗೆ ಹೇಳಿ ಕಳಿಸಿ ಒಪ್ಪಿಸಿದ. ತಲೆ ಮೇಲೆ ಬೇಡ, ಸೋದರಮಾವನ ಹೆಸರೇ ಇರಲಿ. ಕೆಳಗೆ ಮದುಮಗಳ ಹೆಸರು ಬರುವ ಕಡೆ, ಇಂಥವರ ಮಗಳು ಅಂತ ಅಪ್ಪ ಅಮ್ಮ ಇಬ್ಬರ ಹೆಸರೂ ಇರಲಿ. ಅದಕ್ಕೆ ಯಾವ ದೋಷವೂ ಇಲ್ಲ. ದಾಸಪ್ಪ ಹೂಂಗುಟ್ಟಿದ. ಮಾಳಮ್ಮನಿಗೆ ಸುದ್ದಿ ಹೇಳಿದರೆ, "ಸಾಕು ಬುಡು, ಒಂದು ಕಡೆ ಇದ್ರೆ ಸಾಕು" ಅಂದಳು. ಅವತ್ತು ಅವಳು ಮಗನಿಗೆ ಬಯ್ಯಲಿಲ್ಲ, ಬಯ್ಯದೆಯೇ ಮುದ್ದೆ ಇಟ್ಟಳು.

ಪುಟ್ಟೀರ ಕಾರ್ಡು ಮಾಡಿದ. ಎಚ್ ಒತ್ತಿ, ಹಳೆಯ ಹೆಸರೆಲ್ಲ ತೆಗೆದು ಹೊಸ ಹೆಸರೆಲ್ಲ ಕೂರಿಸಿದ. ಒಂದೂ ತಪ್ಪಲಿಲ್ಲ. ಪರಮೇಶಪ್ಪ ಓದಿ ನೋಡಿ ಬೆರಗಾದ. ಎಲ್ಲಾ ಸರಿ, ಒಂದೇ ಒಂದು ಉಳಿದಿತ್ತು. ಚಿಕ್ಕರಂಗಯ್ಯನ ಹೆಸರಿನ ಹಿಂದೆ "ಶ್ರೀ" ಇತ್ತು. ತೀರಿಹೋದವರಿಗೆ "ಶ್ರೀ" ಬರೆಯುವುದಿಲ್ಲ, "ದಿ" ಬರೆದು ಪಕ್ಕದಲ್ಲಿ ಎರಡು ಗೀಟು ಹಾಕುತ್ತಾರೆ. ದಿವಂಗತ ಅಂತ ಅರ್ಥ.

"ನಿಮ್ಮಪ್ಪನಿಗೆ ಶ್ರೀ ತೆಗೆದು ದಿ ಹಾಕೋ" ಅಂದ. ಹೇಳಿ ಯಾವುದೋ ಕೆಲಸದ ಮೇಲೆ ಹೊರಗೆ ಹೋದ.

ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಡೋದು ಬೇಡವೇ ಬೇಡ. ಪುಟ್ಟೀರ ಎಚ್ ಒತ್ತಿದ. ಮೇಲಿನ ಖಾನೆಯಲ್ಲಿ ಶ್ರೀ, ಕೆಳಗಿನ ಖಾನೆಯಲ್ಲಿ ದಿ, ಎರಡು ಗೀಟು. ಎಲ್ಲಾ ಬದಲಿಸು.

ಒಂದೇ ಏಟಿಗೆ ವಂಶವೇ ಹೋಯಿತು. ದಾಸಪ್ಪ ಹೋದ, ಅವನ ಹೆಂಡತಿ ದಿಮತಿಯಾದಳು. ಬೀಗರು ಹೋದರು. ದೊಡ್ಡಪ್ಪ ಚಿಕ್ಕಪ್ಪಂದಿರು ಹೋದರು. ಕಾರ್ಡಿನ ನೆತ್ತಿಯ ಮೇಲಿದ್ದ ಶ್ರೀ ರಂಗನಾಥಸ್ವಾಮಿಯೂ ದಿವಂಗತನಾದ. ಉಳಿದವರು ಹೆಣ್ಣು ಗಂಡು ಇಬ್ಬರೇ. ಅವರ ಹೆಸರಿನ ಹಿಂದೆ ಚಿರಂಜೀವಿಯ "ಚಿ" ಇತ್ತು, ಅದಕ್ಕೆ ಬದುಕಿಕೊಂಡರು.

ಅದೇ ಹೊತ್ತಿಗೆ ದಾಸಪ್ಪ ಕಾರ್ಡು ನೋಡಲು ಪ್ರೆಸ್ಸಿಗೆ ಬಂದ. ಓದಿದ. ಮೊದಲು ದೇವರು, ಆಮೇಲೆ ತಾನು.

"ಅಯ್ಯೋ ಪಾಪಿ, ನಾನೆಲ್ಲಿ ಸತ್ತಿದೀನ್ಲಾ? ನಿಮ್ಮತ್ತೆ ಎಲ್ಲಿ ಸತ್ತವ್ಳೆ? ದೇವರು ಎಲ್ಲಿ ಸತ್ತವ್ನೆ? ಬೀಗರ ಕೈಗೆ ಇದು ಹೋದ್ರೆ ನಿನ್ನ ತಂಗಿ ಮದ್ವೆ ನಿಂತೇ ಹೋಯ್ತದಲ್ಲೋ!"

ಪುಟ್ಟೀರನಿಗೆ ಅಳು ಬಂತು. "ಏನ್ ಮಾಡ್ಲಿ ಮಾವ?"

"ಏನ್ ಮಾಡ್ಲಿ ಅಂತೀಯಾ? ಇದ್ರಲ್ಲಿ ಸತ್ತೋರೆಲ್ಲ ಈಗ್ಲೇ ಬದುಕಬೇಕು. ಒಬ್ರನ್ನೂ ಬುಡಬ್ಯಾಡ. ಬದುಕಿಸಿ ಅಚ್ಚಿಗೆ ಕೊಡು, ನಾನು ಇನ್ನೊಂದ್ಸಲ ಇದ್ರ ಮಕ ನೋಡಕ್ಕಿಲ್ಲ."

"ಆಯ್ತು ಮಾವ."

ಎಚ್ ಒತ್ತಿದ. ಮೇಲಿನ ಖಾನೆಯಲ್ಲಿ ದಿ, ಎರಡು ಗೀಟು. ಕೆಳಗಿನ ಖಾನೆಯಲ್ಲಿ ಶ್ರೀ. ಎಲ್ಲಾ ಬದಲಿಸು. ದೇವರು ಬದುಕಿದ, ದಾಸಪ್ಪ ಬದುಕಿದ, ಬೀಗರು ಬದುಕಿದರು. ಯಾವ ಕಾಲದಲ್ಲೋ ಸತ್ತಿದ್ದ ಅಜ್ಜನೂ ಎದ್ದು ಕೂತ. ಎಲ್ಲರ ಜೊತೆ ಚಿಕ್ಕರಂಗಯ್ಯನೂ ಬದುಕಿದ. ಮಾವ ಒಬ್ಬರನ್ನೂ ಬಿಡಬೇಡ ಅಂದಿದ್ದ, ಪೆದ್ದ ಒಬ್ಬರನ್ನೂ ಬಿಡಲಿಲ್ಲ.

ಕಾರ್ಡು ಅಚ್ಚಾಗಿ ಮನೆಗೆ ಬಂತು. ದಾಸಪ್ಪ ತನ್ನ ಹೆಸರಿನ ಹಿಂದೆ ಶ್ರೀ ಇರುವುದನ್ನು ನೋಡಿ, ಉಸಿರುಬಿಟ್ಟು, ಮುಂದಕ್ಕೆ ಓದಲಿಲ್ಲ. ನಾವೆಲ್ಲ ಹಾಗೇ ಅಲ್ಲವೇ. ಕಾರ್ಡಿನಲ್ಲಿ ನಮ್ಮ ಹೆಸರು ಸರಿಯಿದ್ದರೆ ಕಾರ್ಡು ಸರಿ.

ಓದಿದವಳು ಒಬ್ಬಳೇ. ಮಾಳಮ್ಮ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಒಂದು ಕಾರ್ಡು ತೆಗೆದುಕೊಂಡು ಕಿಟಕಿಯ ಬಳಿ ಹೋದಳು. ಗಂಡ ಕಲಿಸಿದ ಹಾಗೆ ಬೆರಳಿಟ್ಟು ಓದಿದಳು. ಶ್ರೀಮತಿ ಮಾಳಮ್ಮ ಮತ್ತು ಶ್ರೀ ಚಿಕ್ಕರಂಗಯ್ಯ ಇವರ ಮಗಳು. ಬೆರಳು ಆ ಶ್ರೀ ಮೇಲೆ ನಿಂತಿತು. ಮತ್ತೆ ಮೊದಲಿನಿಂದ ಓದಿದಳು. ಮತ್ತೆ ಅಲ್ಲೇ ನಿಂತಿತು.

ಪುಟ್ಟೀರ ಪಕ್ಕದಲ್ಲಿ ನಿಂತಿದ್ದ. ಬೈಗುಳಕ್ಕೆ ಕಾಯುತ್ತಿದ್ದ.

"ಅವ್ವ, ತಪ್ಪೈತಾ?"

ಅವಳು ಹೂಂ ಅನ್ನಬಹುದಿತ್ತು. ಒಂದು ಮಾತು ಅಣ್ಣನಿಗೆ ಹೇಳಿದ್ದರೆ ಕಾರ್ಡನ್ನು ಮತ್ತೆ ಹಾಕಿಸುತ್ತಿದ್ದರು. ಅವಳು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ನನ್ನನ್ನು ಕೇಳಬೇಡಿ. ಬುತ್ತಿ ಕಳಿಸದ ದಿನದಿಂದ ಆ ಹೆಸರು ನೆನೆದು ಅವಳು ಎಷ್ಟು ಅತ್ತಿದ್ದಾಳೋ ಅವಳಿಗೇ ಗೊತ್ತು.

"ಇಲ್ಲ ಕಣ ಮಗ, ಸರಿಯಾಗೈತೆ" ಅಂದಳು. ಆಮೇಲೆ ಕಣ್ಣು ಒರೆಸಿಕೊಂಡು, ಮಗನಿಗೆ ಏನಾದರೂ ಬುದ್ಧಿ ಹೇಳದೆ ಇರಲಾರದ ಅಭ್ಯಾಸದಿಂದ ಹೇಳಿದಳು. "ಮದ್ವೆ ದಿನ ಊಟದ ಬಾಗ್ಲಲ್ಲಿ ನಿಂತ್ಕೋ. ಈ ಕಾರ್ಡಲ್ಲಿ ಹೆಸರಿರೋರು ಒಬ್ರೂ ಉಪವಾಸ ಹೋಗಬಾರ್ದು. ತಿಳೀತಾ? ಒಬ್ರೂ."

"ಆಯ್ತವ್ವ" ಅಂದ ಪುಟ್ಟೀರ. ಮಾತು ತಲೆಗೆ ಹೋಯಿತು, ಅಲ್ಲೇ ಕೂತಿತು.

ಮದುವೆ ಚೆನ್ನಾಗಿ ಆಯಿತು. ಧಾರೆಗೆ ಸೋದರಮಾವ ನಿಂತ. ಮಾಳಮ್ಮ ಕಂಬದ ಹಿಂದೆ ನಿಂತು ದೂರದಿಂದಲೇ ಅಕ್ಕಿಕಾಳು ಹಾಕಿದಳು. ಪಂಕ್ತಿಯ ಮೇಲೆ ಪಂಕ್ತಿ ಊಟ ನಡೆಯಿತು. ಪುಟ್ಟೀರ ಊಟದ ಬಾಗಿಲಲ್ಲಿ ಕಾರ್ಡು ಹಿಡಿದು ನಿಂತಿದ್ದ. ಹೆಸರಿರುವವರು ಉಂಡು ಬಂದ ಹಾಗೆ ಹೆಸರಿನ ಮೇಲೆ ಉಗುರಲ್ಲಿ ಗೀರುತ್ತಿದ್ದ. ದೊಡ್ಡಪ್ಪ ಉಂಡರು. ಬೀಗರು ಉಂಡರು. ದಾಸಪ್ಪ ಉಂಡು ತೇಗಿದ. ಅಜ್ಜನದು ಯಾರನ್ನೋ ಕೇಳಿದ. "ಅವರು ನೀನು ಹುಟ್ಟೋಕೆ ಮೊದ್ಲೇ ಉಂಡು ಮುಗಿಸವ್ರೆ ಹೋಗೋ" ಅಂದರು. ಅದನ್ನೂ ಗೀರಿದ.

ಹೊತ್ತು ಇಳಿಯಿತು. ಅಡುಗೆಯವರು ಪಾತ್ರೆ ತೊಳೆಯಲು ಶುರು ಮಾಡಿದರು. ಖಾಲಿ ಸಾಲಿನ ಕೊನೆಯಲ್ಲಿ ಪುಟ್ಟೀರ ಒಂದು ಎಲೆ ಹಾಸಿ, ನೀರು ಚಿಮುಕಿಸಿ, ಪಲ್ಯ, ಕೋಸಂಬರಿ, ಒಬ್ಬಟ್ಟು, ಅನ್ನ, ಸಾರು ಎಲ್ಲಾ ಬಡಿಸಿ ಪಕ್ಕದಲ್ಲಿ ಕಾಯುತ್ತಾ ನಿಂತಿದ್ದ.

ದಾಸಪ್ಪ ನೋಡಿದ. "ಯಾರಿಗ್ಲಾ ಅದು?"

"ಇನ್ನೊಬ್ರು ಬರಬೇಕು ಮಾವ. ಅಪ್ಪ ಇನ್ನೂ ಉಂಡಿಲ್ಲ."

"ಮದ್ವೆ ಮನೇಲಿ ಸತ್ತೋರಿಗೆ ಎಲೆ ಹಾಕ್ತಾರೇನ್ಲಾ ಅಪಶಕುನದೋನೆ!"

"ಸತ್ತಿಲ್ಲ ಮಾವ. ನೀವೇ ಬದುಕಿಸು ಅಂದ್ರಿ, ಬದುಕಿಸ್ದೆ." ಕಾರ್ಡು ತೋರಿಸಿದ. ದಾಸಪ್ಪ ಆಗ ಓದಿದ. ಸುತ್ತ ನಿಂತಿದ್ದ ನಾಲ್ಕು ಜನ ಮೊದಲು ನಕ್ಕರು, ಆಮೇಲೆ ಅತ್ತಿತ್ತ ನೋಡಿದರು.

ಮಾಳಮ್ಮ ಬಂದಳು. ಎಲೆ ನೋಡಿದಳು. ಅನ್ನದ ಮೇಲಿನ ಹಬೆ ಆರಿಹೋಗಿತ್ತು. ಇದು ತಾನೇ ಹೇಳಿದ ಮಾತು, ತಾನೇ ಮುಚ್ಚಿಟ್ಟ ತಪ್ಪು ಅಂತ ಅವಳಿಗೆ ತಿಳಿಯಿತು. ಅವತ್ತೇ ಕಿಟಕಿಯ ಬಳಿ ತಪ್ಪು ಅಂದಿದ್ದರೆ ಈ ಹುಡುಗ ಇಲ್ಲಿ ಹಸಿದು ನಿಲ್ಲುತ್ತಿರಲಿಲ್ಲ. ಬೆಳಗಿನಿಂದ ಅವನೂ ಉಂಡಿರಲಿಲ್ಲ.

"ಬಾ ಮಗ, ನೀನು ಉಣ್ಣು."

"ಅಪ್ಪ ಬಂದ್ಮೇಲೆ ಉಣ್ತೀನಿ."

"ನಿಮ್ಮಪ್ಪ ಬಂದಿದ್ರು ಕಣೋ" ಅಂದಳು. ಸುಳ್ಳಾದರೂ ಹುಡುಗ ಎರಡು ತುತ್ತು ಉಣ್ಣಲಿ ಅಂತ ಹೇಳಿದಳು. "ಧಾರೆ ಹೊತ್ನಲ್ಲಿ ಬಂದು, ನೋಡ್ಕೊಂಡು, ಹೋದ್ರು."

ಪುಟ್ಟೀರನ ಮುಖ ಅರಳಿತು. ಅರಳಿದ್ದು ಕೂಡಲೇ ಬಾಡಿತು.

"ಉಣ್ಣದೆ ಹೋದ್ರಾ?"

ಅದೊಂದು ಮಾತಿಗೆ ಮಾಳಮ್ಮನ ಹತ್ತಿರ ಸುಳ್ಳೂ ಇರಲಿಲ್ಲ.

ಪುಟ್ಟೀರ ಕಾಯಲಿಲ್ಲ. ಎಲೆಯನ್ನು ನಾಲ್ಕೂ ಕಡೆ ಮಡಚಿ, ಇನ್ನೊಂದು ಎಲೆ ಸುತ್ತಿ, ಬಾಳೆನಾರಲ್ಲಿ ಕಟ್ಟಿದ. ಎದೆಗವಚಿಕೊಂಡು ಛತ್ರದ ಮೆಟ್ಟಿಲಿಳಿದು ಓಡಿದ. ಅಪ್ಪ ಹಸಿದು ಎಲ್ಲಿಗೆ ಹೋಗಿರುತ್ತಾರೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬುತ್ತಿಯ ದಾರಿ ಅವನ ಕಾಲಿಗೆ ಗೊತ್ತಿತ್ತು. ಪ್ರೆಸ್ಸಿನ ಹಿಂಬಾಗಿಲು ತೆರೆದು, ಗೋಣಿತಾಟು ಸರಿಸಿ, ಮೆಷಿನ್ನಿನ ಪೆಡಲ್ ಹತ್ತಿರ ಎಲೆ ಬಿಚ್ಚಿಟ್ಟು ಬಂದ. ಬಂದು ಮನೆಯಲ್ಲಿ ಹೊಟ್ಟೆ ತುಂಬ ಉಂಡು ಮಲಗಿದ.

ಬೆಳಿಗ್ಗೆ ಪ್ರೆಸ್ಸಿಗೆ ಓಡಿ ಹೋಗಿ ನೋಡಿದ. ಎಲೆ ಖಾಲಿ. ಒಂದು ಅಗುಳೂ ಇಲ್ಲ. ಆ ಕೋಣೆಯ ಇಲಿಗಳು ಎಷ್ಟು ದಪ್ಪ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಹಿಂದೆ ನಿಂತಿದ್ದ ಪರಮೇಶಪ್ಪನಿಗೂ ಗೊತ್ತಿತ್ತು. ಅವನು ಮೊದಲನೇ ಸಲ ಪುಟ್ಟೀರನಿಗೆ ಏನೂ ಬುದ್ಧಿ ಹೇಳಲಿಲ್ಲ.

ಪುಟ್ಟೀರ ಮನೆಗೆ ಓಡಿ ಬಂದ. ಮಾಳಮ್ಮ ಒಲೆಯ ಮುಂದೆ ಕೂತಿದ್ದಳು.

"ಅವ್ವ, ಅಪ್ಪ ಉಂಡವ್ರೆ. ಎಲೆ ಖಾಲಿ ಮಾಡವ್ರೆ."

ಈಗ ಬಯ್ಯುತ್ತಾಳೆ, ಪೆದ್ದ ಅನ್ನುತ್ತಾಳೆ, ಇಲಿಯ ಮಾತು ಹೇಳುತ್ತಾಳೆ ಅಂದುಕೊಂಡಿರಿ ತಾನೇ? ಮಾಳಮ್ಮ ಒಲೆಯೊಳಗಿನ ಸೌದೆಯನ್ನು ಮುಂದಕ್ಕೆ ನೂಕಿದಳು. ಆಮೇಲೆ ಮಗನ ಕಡೆ ತಿರುಗಿ, ಮೆಲ್ಲಗೆ ಕೇಳಿದಳು.

"ಸಾರಿಗೆ ಉಪ್ಪು ಸರಿಯಾಗಿತ್ತಂತಾ?"

"ಕೇಳ್ಕೊಂಡ್ ಬತ್ತೀನಿ ತಾಳು" ಅಂದ ಪುಟ್ಟೀರ, ಮತ್ತೆ ಪ್ರೆಸ್ಸಿನ ಕಡೆ ಓಡಿದ.